ಸೆಟ್ಟಿಂಗ್ ಕುರ್ಚಿ

ನಮ್ಮ ಲ್ಯಾಬಿನಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಸಂಸಾರ ಮಾಡಬಹುದು. ಪ್ಲಾಸ್ಟರ್ ಸೆಟ್ ಆಯ್ತಾ? ಹಲ್ಲಿನ ಸೆಟ್ ಬಂತಾ? ಮೇಲಿನ ಸಾಲು ಸೆಟ್ ಮಾಡಿದ್ರಾ? ಡಾಕ್ಟರ ಟೈಮ್ ಸೆಟ್ ಆಗಿದ್ಯಾ? ಪಾಲಿಶ್ ಕೆಲಸಕ್ಕೆಂದು ಬಂದ ಹೆಂಗಸೊಬ್ಬಳಿಗೆ ಇಲ್ಲಿನ ಧೂಳು ಸೆಟ್ ಆಗಲಿಲ್ಲ, ಬಿಟ್ಟುಹೋದಳು. ಅವಳ ಜಾಗಕ್ಕೆ ಬೇರೊಬ್ಬಳು ಸೆಟ್ ಆದಳು. ಯಜಮಾನರ ತಮ್ಮನಿಗೆ ಹುಡುಗಿ ಸೆಟ್ ಆಯಿತು, ಮದುವೆಯಾದ ಮೇಲೆ ಅವರಿಬ್ಬರಿಗೆ ಸೆಟ್ ಆಗಲಿಲ್ಲ.

ಒಮ್ಮೆ ನನ್ನ ಮಗಳು, ಇಂಗ್ಲಿಷಿನಲ್ಲಿ ಸೂರ್ಯ ಮುಳುಗುವುದಕ್ಕೂ ಸೆಟ್ ಅಂತಲೇ ಅನ್ನುತ್ತಾರೆ ಎಂದಳು. ಪ್ಲಾಸ್ಟರ್ ಕಲಸುತ್ತಿದ್ದ ಸುಣ್ಣಣ್ಣ ಕೈ ನಿಲ್ಲಿಸಿ ಯೋಚನೆಗೆ ಬಿದ್ದ.

“ಹಾಗಾದ್ರೆ ರಾತ್ರಿಯೆಲ್ಲ ಗಟ್ಟಿಯಾಗಿ ಕೂತಿರ್ತಾನಾ ಅವನು? ಬೆಳಿಗ್ಗೆ ಅಚ್ಚಿಂದ ಬಿಡಿಸೋರು ಯಾರಮ್ಮ?”

“ನೀನೇ ಬಿಡಿಸು ಮಾಮ. ಮೂಗು ಮುರೀಬೇಡ ಮತ್ತೆ.”

ಸುಣ್ಣಣ್ಣ ಅನ್ನುವುದು ಅವನ ಹೆಸರಲ್ಲ. ಬೆಳಿಗ್ಗೆ ಕಪ್ಪಗೆ ಬಂದು ಸಂಜೆ ಬೆಳ್ಳಗೆ ಹೋಗುತ್ತಾನೆಂದು ಯಾರೋ ಕರೆದದ್ದು ಹಾಗೇ ಅಂಟಿಕೊಂಡಿತು. ಹಲ್ಲಿನ ಡಾಕ್ಟರುಗಳು ತೆಗೆದು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು ಒಸಡಿನ ಮಾದರಿ ಮಾಡುವುದು ಅವನ ಕೆಲಸ. ಆ ಮಾದರಿ ನನ್ನ ಮೇಜಿಗೆ ಬರುತ್ತದೆ. ಅದರ ಮೇಲೆ ಮೇಣದ ದಿಂಡು ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲನ್ನು ನಾನು ಜೋಡಿಸುತ್ತೇನೆ. ಕಿಟಕಿಯ ಪಕ್ಕದ ನನ್ನ ಕುರ್ಚಿಗೆ ಸೆಟ್ಟಿಂಗ್ ಕುರ್ಚಿ ಅಂತಲೇ ಹೆಸರು. ಆ ಕುರ್ಚಿಯಲ್ಲಿ ಕೂತವರ ಕೆಲಸ ನೇರವಾಗಿ ಮನುಷ್ಯರ ಬಾಯಿಗೆ ಹೋಗುತ್ತದೆ. ಹಲ್ಲು ಇನ್ನೂ ಮೇಣದಲ್ಲಿರುವಾಗಲೇ ಡಾಕ್ಟರು ಅದನ್ನು ರೋಗಿಯ ಬಾಯಿಗೆ ಹಾಕಿ ನೋಡುತ್ತಾರೆ. ಕಚ್ಚು ಸರಿಯಿದ್ದರೆ ಮುಂದಿನ ಕೆಲಸ. ಇಲ್ಲದಿದ್ದರೆ ವಾಪಸ್.

ನನ್ನ ಸೆಟ್‌ಗಳು ವಾಪಸ್ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಕಿವಿ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ಬಂದವಳು. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಒಂದು ಕೀಲಿನ ಚೌಕಟ್ಟಿಗೆ ಸಿಕ್ಕಿಸಿರುತ್ತೇವೆ. ಅದು ಬಾಯಿಯ ಹಾಗೆಯೇ ತೆರೆದು ಮುಚ್ಚುತ್ತದೆ. ಅದಕ್ಕೆ ಏನೋ ಉದ್ದದ ಹೆಸರಿದೆ, ನಾವು ‘ಬಾಯಿ’ ಅನ್ನುತ್ತೇವೆ. ಹಲ್ಲು ಕೂರಿಸಿದ ಮೇಲೆ ಎಡಗೈಯಲ್ಲಿ ಬಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುಚ್ಚಿದರೆ ‘ಟಕ್’ ಅನ್ನಬೇಕು. ಎರಡೂ ಕಡೆಯ ದವಡೆ ಹಲ್ಲುಗಳು ಒಟ್ಟಿಗೆ ಕೂಡಿದರೆ ಒಂದೇ ಸದ್ದು. ಒಂದು ಕಡೆ ಕೂದಲೆಳೆಯಷ್ಟು ಮೊದಲೇ ತಾಗಿದರೆ ‘ಟ-ಟಕ್’ ಅನ್ನುತ್ತದೆ. ಆಗ ಮೇಣ ಬಿಸಿ ಮಾಡಿ ತಗ್ಗಿಸಬೇಕು. ನನಗೆ ಕೆಲಸ ಕಲಿಸಿದ ಮಾಸ್ಟರು ಹೀಗೆಯೇ ಮಾಡುತ್ತಿದ್ದರು, ನಾನೂ ಹೀಗೆಯೇ ಮಾಡಿದೆ. ಇದಕ್ಕೆಂದೇ ಬಣ್ಣದ ತೆಳು ಕಾಗದ ಬರುತ್ತದೆ. ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರೆ ತಾಗಿದ ಕಡೆ ಬಣ್ಣ ಹತ್ತುತ್ತದೆ. ಮಗಳು ಕೋರ್ಸ್ ಮುಗಿಸಿ ಇದೇ ಲ್ಯಾಬಿಗೆ ಸೇರಿದಾಗ ಆ ಕಾಗದ ಹಿಡಿದುಕೊಂಡೇ ಬಂದಳು.

“ಕಿವಿ ಇಲ್ಲದೋರು ಕಾಗದ ಇಟ್ಕೋತಾರೆ” ಅಂತ ನಾನು ರೇಗಿಸುತ್ತಿದ್ದೆ.

ಮೊದಲನೆಯ ಸೆಟ್ ವಾಪಸ್ ಬಂದಾಗ ರೋಗಿಯ ತಪ್ಪು ಎಂದುಕೊಂಡೆ. ಬಾಯಿ ಸೊಟ್ಟ ಮಾಡಿ ಕಚ್ಚುವವರು ಇರುತ್ತಾರೆ. ಎರಡನೆಯದು ಬಂದಾಗ ಡಾಕ್ಟರ ತಪ್ಪು ಎಂದುಕೊಂಡೆ. ಅದಾದ ಮೇಲೆ ಇನ್ನೊಂದು ಬಂದ ದಿನ ಯಜಮಾನರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಾವೇ ಮೆಟ್ಟಿಲು ಹತ್ತಿ ಬಂದರು. ಸಾಮಾನ್ಯವಾಗಿ ಅವರು ಕೆಳಗಿನಿಂದಲೇ ಕೂಗುವವರು.

“ಏನಕ್ಕಾ ಇದು? ಎಡಗಡೆ ತಾಗುತ್ತೆ, ಬಲಗಡೆ ಗಾಳಿ ಓಡಾಡುತ್ತೆ. ಡಾಕ್ಟ್ರು ನಗ್ತಾ ಹೇಳಿದ್ರು. ಅವರು ನಗ್ತಾ ಹೇಳಿದ್ರೇ ನನಗೆ ಭಯ.”

“ನಾನು ಕಳಿಸುವಾಗ ಸರಿಯಿತ್ತು.”

“ಸರಿಯಿದ್ದದ್ದು ದಾರೀಲಿ ಸೊಟ್ಟ ಆಯ್ತಾ? ಬೇಜಾರು ಮಾಡ್ಕೋಬೇಡಿ. ಆದ್ರೆ ಹೀಗೇ ನಡೆದ್ರೆ ಕುರ್ಚಿಗೆ ಬೇರೆಯವರನ್ನ ಕೂರಿಸಬೇಕಾಗುತ್ತೆ.”

ಹೇಳಿದ್ದು ಮೆತ್ತಗೇ. ಆದರೆ ನಮ್ಮ ಹಳೆಯ ಮಾಸ್ಟರ ಕೈ ನಡುಗಲು ಶುರುವಾದಾಗಲೂ ಇವರು ಮೆತ್ತಗೇ ಮಾತಾಡಿದ್ದರು. ಚಹಾ ತರಿಸಿ ಕೊಟ್ಟು, ಬೆನ್ನು ಸವರಿ, ಅದೇ ದಿನ ಮನೆಗೆ ಕಳಿಸಿದ್ದರು. ಮಾಸ್ಟರು ತಮ್ಮ ಮೇಣದ ಚಾಕುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಇಳಿದುಹೋದದ್ದನ್ನು ಈ ಕಿಟಕಿಯಿಂದಲೇ ನೋಡಿದ್ದೆ. ಮರುದಿನ ಆ ಕುರ್ಚಿಯಲ್ಲಿ ನಾನು ಕೂತೆ.

ಕೆಲಸ ಕೆಟ್ಟಿಲ್ಲ, ಯಾರೋ ಕೆಡಿಸುತ್ತಿದ್ದಾರೆ ಎಂಬ ಯೋಚನೆ ಅವತ್ತು ಹುಟ್ಟಿತು. ಹುಟ್ಟಿದ್ದೇ ತಡ, ಎದೆ ಹಗುರವಾಯಿತು. ನನ್ನ ಕೈ ನನ್ನದೇ, ನನ್ನ ಕಿವಿ ನನ್ನದೇ. ಕಳ್ಳರು ಬೇರೆ ಯಾರೋ. ಇನ್ನು ಹಿಡಿಯುವುದಷ್ಟೇ ಬಾಕಿ.

ಮೊದಲ ಅನುಮಾನ ಸುಣ್ಣಣ್ಣನ ಮೇಲೆ. ಕುರ್ಚಿಯ ಆಸೆ ಅವನಿಗಿಲ್ಲ, ಅವನಿಗೆ ಕೂತರೆ ನಿದ್ದೆ ಬರುತ್ತದೆ. ಆದರೂ ಅವನ ನಡವಳಿಕೆ ಬದಲಾಗಿತ್ತು. ಮೊದಲೆಲ್ಲ ಗಂಟಲು ಹರಿಯುವಂತೆ ಮಾತಾಡುತ್ತಿದ್ದವನು ಈಗ ಮಗಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳುವನು. ನಾನು ಒಳಗೆ ಕಾಲಿಟ್ಟರೆ ಇಬ್ಬರೂ ಸುಮ್ಮನಾಗುವರು. ಅವನು ಬಕೆಟ್ಟಿನ ಕಡೆ ತಿರುಗುವನು, ಇವಳು ಮೂಗು ಒರೆಸಿಕೊಳ್ಳುವಳು.

ನನ್ನವರೆಗೆ ಬರುತ್ತಿದ್ದದ್ದು ಒಂದೇ ಮಾತು. ಸೆಟ್. ಏನೇನೋ ಗುಜುಗುಜು, ನಡುವೆ ಸೆಟ್. ಮತ್ತೆ ಗುಜುಗುಜು, ಮತ್ತೆ ಸೆಟ್. ಅದು ತಪ್ಪಾಗಿ ಕೇಳಿಸಿದ್ದಲ್ಲ. ಅವರು ಹೇಳುತ್ತಿದ್ದದ್ದೂ ಅದೇ ಮಾತು. ಆದರೆ ಅದರಿಂದ ಏನು ತಿಳಿಯಬೇಕು? ಗಟ್ಟಿಯಾಯಿತು ಅಂದಿದ್ದರೆ ಪ್ಲಾಸ್ಟರಿನ ಮಾತು ಅನ್ನಬಹುದು. ಕೂರಿಸಿದಳು ಅಂದಿದ್ದರೆ ಹಲ್ಲಿನ ಮಾತು. ಒಗ್ಗಲಿಲ್ಲ, ಹೊಂದಲಿಲ್ಲ, ಗೊತ್ತು ಮಾಡಿದರು, ಒಳಗೊಳಗೇ ಮಾತಾಡಿಕೊಂಡರು, ಮುಳುಗಿದ, ಹೀಗೆ ಒಂದೊಂದಕ್ಕೂ ನಮ್ಮಲ್ಲಿ ಬೇರೆ ಬೇರೆ ಮಾತಿದೆ. ಇದೊಂದು ಪದ ಎಲ್ಲರ ಮನೆಗೂ ಹೋಗಿ ಉಂಡು ಬರುತ್ತದೆ, ಎಲ್ಲಿಗೆ ಹೋಗಿತ್ತು ಅಂತ ಬಾಯಿ ಬಿಡುವುದಿಲ್ಲ. ಅನುಮಾನದ ಹೆಂಗಸಿಗೆ ಇಂಥ ಪದ ಸಿಕ್ಕರೆ ಸಾಕು. ಅವರು ಪ್ಲಾಸ್ಟರಿನ ಬಗ್ಗೆ ಮಾತಾಡುತ್ತಿದ್ದರೂ ಅದು ನನ್ನನ್ನು ಎಬ್ಬಿಸುವ ಸೆಟ್ಟಿಂಗ್ ಅಂತಲೇ ನನಗೆ ತೋರುತ್ತಿತ್ತು.

ಮನೆಯಲ್ಲೂ ಹಾಗೆ. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ನನ್ನ ಗಂಡ ಬಂದು ಟೀವಿಯ ಸದ್ದು ತಗ್ಗಿಸಿದರು.

“ಪಕ್ಕದ ಮನೆಯವರು ನಿನ್ನೆ ಸುದ್ದಿ ಕೇಳಿ ಥ್ಯಾಂಕ್ಸ್ ಹೇಳಿದ್ರು” ಅಂದರು. “ಅವರ ಸೆಟ್ ಕೆಟ್ಟಿದೆಯಂತೆ, ನಮ್ಮದ್ರಲ್ಲೇ ಕೇಳ್ಕೋತಾರಂತೆ.”

“ತಮಾಷೆ ಸಾಕು.”

“ತಮಾಷೆ ಅಲ್ಲ ಮಾರಾಯ್ತಿ” ಎಂದು ಅವರು ಮಗಳ ಮುಖ ನೋಡಿದರು. ಮಗಳು ಅವರ ಮುಖ ನೋಡಿದಳು. ಇಬ್ಬರ ನಡುವೆ ಏನೋ ದಾಟಿಹೋಯಿತು. ನಾನು ಸೊಪ್ಪಿನ ಕಡ್ಡಿ ಮುರಿಯುತ್ತಾ, ಓಹೋ, ಇಲ್ಲೂ ಇದೆ ಅಂದುಕೊಂಡೆ.

ಕಳ್ಳರನ್ನು ಹಿಡಿಯಲು ಒಂದು ಉಪಾಯ ಮಾಡಿದೆ. ಸೂಜಿ ಬಿಸಿ ಮಾಡಿ, ಕೊನೆಯ ದವಡೆ ಹಲ್ಲಿನ ಬುಡದಲ್ಲಿ, ಒಳಭಾಗದ ಮೇಣದ ಮೇಲೆ ಒಂದು ಚುಕ್ಕೆ ಚುಚ್ಚಿದೆ. ಸಾಸಿವೆಗಿಂತ ಸಣ್ಣದು. ಹಲ್ಲನ್ನು ಅಲುಗಿಸಬೇಕಾದರೆ ಮೇಣ ಕರಗಿಸಲೇಬೇಕು, ಕರಗಿಸಿದರೆ ಚುಕ್ಕೆ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಎಂದಿನಂತೆ ಮನೆಗೆ ಹೋಗಿ ಊಟ ಮಾಡಿ, ಒಣಗಿದ ಬಟ್ಟೆ ಮಡಚಿಟ್ಟು, ವಾಪಸ್ ಬಂದು ಮೊದಲು ನೋಡಿದ್ದು ಅದನ್ನೇ.

ಚುಕ್ಕೆ ಇರಲಿಲ್ಲ. ಅಲ್ಲಿ ಹೊಸ ಮೇಣ ಹೊಳೆಯುತ್ತಿತ್ತು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಅನುಮಾನ ಮನಸ್ಸಿನಲ್ಲಿ ಇರುವವರೆಗೆ ಅದನ್ನು ಹೇಗೋ ಸಾಕಿಕೊಳ್ಳಬಹುದು. ಅದು ಎದುರಿಗೇ ಬಂದು ನಿಂತರೆ ಮನೆ ಸೇರಿಸಿಕೊಳ್ಳಲು ಭಯ.

ಮರುದಿನ ಊಟಕ್ಕೆ ಹೋಗುವ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದೆ. ಕೆಳಗಿನ ಅಂಗಡಿಯವನ ಹತ್ತಿರ ಸುಮ್ಮನೆ ಬೆಂಕಿಪೊಟ್ಟಣ ಕೊಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ಮತ್ತೆ ಮೇಲೆ ಹತ್ತಿದೆ. ಬಾಗಿಲಿನ ಗಾಜಿಗೆ ಪ್ಲಾಸ್ಟರಿನ ಧೂಳು ಕೂತಿತ್ತು, ಬೆರಳಿನಿಂದ ಒಂದು ಗೆರೆ ಒರೆಸಿದೆ.

ಸುಣ್ಣಣ್ಣ ಬೀದಿಯ ಕಡೆಯ ಕಿಟಕಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಕಾವಲು. ನನ್ನ ಕುರ್ಚಿಯಲ್ಲಿ ನನ್ನ ಮಗಳು ಕೂತಿದ್ದಳು. ನನ್ನ ದೀಪ ಹಚ್ಚಿದ್ದಳು. ನನ್ನ ಚಾಕು ಬಿಸಿ ಮಾಡಿ, ನಾನು ಬೆಳಗೆಲ್ಲ ಕೂತು ಕೂರಿಸಿದ ಹಲ್ಲಿನ ಬುಡಕ್ಕೆ ತಾಗಿಸಿ, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ನಾಲಿಗೆಯ ತುದಿ ತುಟಿಯಿಂದ ಹೊರಗೆ ಬಂದಿತ್ತು. ಚಿಕ್ಕವಳಿದ್ದಾಗ ಸೂಜಿಗೆ ದಾರ ಪೋಣಿಸುವಾಗಲೂ ಹಾಗೇ ಮಾಡುತ್ತಿದ್ದಳು. ಆ ನಾಲಿಗೆಯ ತುದಿ ನೋಡಿ ನನಗೆ ಒಳಗೆ ನುಗ್ಗಲು ಆಗಲಿಲ್ಲ. ಇಳಿದು ಮನೆಗೆ ಹೋದೆ.

ಮಗಳ ಮೇಲೆ ತಾಯಿಗೆ ಅನುಮಾನ ಬಂದರೆ ಅದಕ್ಕೊಂದು ಹೆಸರು ಕೂಡ ಇಲ್ಲ. ಸೊಸೆಯ ಮೇಲೆ ಬಂದರೆ ಕೇಳುವವರು ಇದ್ದಾರೆ, ಓರಗಿತ್ತಿಯ ಮೇಲೆ ಬಂದರೆ ನಗುವವರು ಇದ್ದಾರೆ. ನಾನು ಯಾರ ಹತ್ತಿರ ಹೇಳಲಿ? ಅವಳಿಗೆ ಕುರ್ಚಿ ಬೇಕಿದ್ದರೆ ಬಾಯಿಬಿಟ್ಟು ಕೇಳಬಹುದಿತ್ತು. ಎದ್ದು ಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ. ಕೇಳಬಹುದಿತ್ತು. ಅಂದು ಸಂಜೆ ಅವಳು ಒಗ್ಗರಣೆ ಹಾಕುತ್ತಿದ್ದಾಗ ಬೆನ್ನು ನೋಡುತ್ತಾ ನಿಂತೆ. ಈ ಜಡೆ ಹೆಣೆದದ್ದು ನಾನೇ. ಚಾಕು ಹಿಡಿಯುವುದನ್ನು ಆ ಕೈಗೆ ಕಲಿಸಿದ್ದೂ ನಾನೇ.

ಅವಳು ತಟ್ಟನೆ ತಿರುಗಿ ನನ್ನ ಎದುರಿಗೆ ಬಂದು ನಿಂತಳು. “ಅಮ್ಮ, ಆಗಲಿಂದ ಕರೀತಿದ್ದೀನಿ. ಉಪ್ಪಿನ ಡಬ್ಬಿ ಕೊಡು ಅಂತ. ಏನಾಗಿದೆ ನಿಂಗೆ, ಮುನಿಸಾ?”

“ಮುನಿಸಿಕೊಳ್ಳೋ ಹಾಗೆ ನೀನೇನು ಮಾಡಿದ್ದೀಯ?”

“ಏನೂ ಇಲ್ಲ” ಅಂದು ಉಪ್ಪಿನ ಡಬ್ಬಿ ತಾನೇ ತೆಗೆದುಕೊಂಡಳು. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತದೆ. ಕೆಂಪಾಗಿತ್ತು.

ಯಜಮಾನರ ಮುಂದೆ ನಿಲ್ಲಬೇಕಾದರೆ ಕಣ್ಣಲ್ಲಿ ಕಂಡದ್ದು ಸಾಲದು, ಕೈಯಲ್ಲಿ ಸಾಕ್ಷಿ ಬೇಕು. ಅಷ್ಟರಲ್ಲಿ ನಗುವ ಡಾಕ್ಟರ ಕ್ಲಿನಿಕ್ಕಿನಿಂದಲೇ ಇಬ್ಬರು ರೋಗಿಗಳ ಕೆಲಸ ಒಟ್ಟಿಗೆ ಬಂತು. ಒಬ್ಬರು ಮುದುಕರು, ಒಬ್ಬರು ಮುದುಕಿ. ಎರಡೂ ಪೂರ್ತಿ ಸೆಟ್, ಮೇಲೆ ಕೆಳಗೆ. ಎರಡನ್ನೂ ಒಂದೇ ಶ್ರದ್ಧೆಯಿಂದ ಕೂರಿಸಿದೆ. ಎರಡನ್ನೂ ಕಿವಿಯ ಹತ್ತಿರ ಹಿಡಿದು ಮುಚ್ಚಿದೆ. ಟಕ್. ಟಕ್. ಎರಡಕ್ಕೂ ಒಂದೊಂದು ಚುಕ್ಕೆ ಇಟ್ಟೆ.

ಮುದುಕರದ್ದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಟ್ಟೆ. ಮುದುಕಿಯದ್ದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಚೀಲದಲ್ಲಿ ಅವುಚಿಕೊಂಡು ಮನೆಗೆ ಒಯ್ದು, ಊಟವಾದ ಮೇಲೆ ಕ್ಲಿನಿಕ್ಕಿಗೆ ಹೋಗುವವನ ಕೈಗೆ ನಾನೇ ಕೊಟ್ಟೆ. ಬೇರೆ ಯಾರ ಬೆರಳೂ ತಾಗಲಿಲ್ಲ. ಮೇಲೆ ಬಂದು ನೋಡಿದರೆ ಮುದುಕರ ಸೆಟ್ಟಿನ ಚುಕ್ಕೆ ಮಾಯ. ಏನೂ ಆಡದೆ ಅದನ್ನೂ ಕಳಿಸಿದೆ.

ಲೆಕ್ಕ ಸರಳ. ಮಗಳು ಮುಟ್ಟಿದ್ದು ವಾಪಸ್ ಬರುತ್ತದೆ, ಮುಟ್ಟದೇ ಇದ್ದದ್ದು ಪಾಸಾಗುತ್ತದೆ. ಅದು ಬಂದ ದಿನ ಏನು ಹೇಳಬೇಕೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡೆ. ಯಜಮಾನರಿಗೆ ಹೇಳುವುದಾ, ಅವಳೊಬ್ಬಳಿಗೇ ಹೇಳುವುದಾ ಅನ್ನುವುದು ಮಾತ್ರ ತೀರ್ಮಾನವಾಗಲಿಲ್ಲ. ಹೇಳಿದರೆ ಅವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ನನ್ನದು.

ವಾಪಸ್ ಬಂದ ಡಬ್ಬಿಯನ್ನು ಸುಣ್ಣಣ್ಣನೇ ತಂದು ನನ್ನ ಮುಂದೆ ಇಟ್ಟ. ನಾನು ಮುಚ್ಚಳ ತೆಗೆದೆ. ಒಳಗಿದ್ದದ್ದು ಮುದುಕಿಯ ಸೆಟ್. ಚುಕ್ಕೆ ಇಟ್ಟಲ್ಲೇ ಇತ್ತು.

ಮುದುಕರದ್ದು ಎಲ್ಲಿ ಅಂತ ಕೇಳಿದೆ.

“ಅದು ಪಾಸಾಯ್ತಲ್ಲಕ್ಕಾ. ಕಚ್ಚು ಬೆಣ್ಣೆ ಹಾಗಿದೆ ಅಂದ್ರಂತೆ ಡಾಕ್ಟ್ರು.”

ಆಗಲೂ ನನ್ನ ತಲೆಗೆ ಮೊದಲು ಬಂದದ್ದು ಏನು ಗೊತ್ತೇ? ಡಾಕ್ಟರೂ ಇವರ ಜೊತೆ ಸೇರಿದ್ದಾರೆ. ಸುಣ್ಣಣ್ಣ, ಮಗಳು, ಗಂಡ, ಈಗ ಡಾಕ್ಟರು. ಇನ್ನು ಬಿಟ್ಟರೆ ಆ ಮುದುಕಿ. ಹಲ್ಲಿಲ್ಲದ ಒಬ್ಬ ಮುದುಕಿ, ಮುಖ ಕೂಡ ಕಾಣದ ನನ್ನನ್ನು ಕುರ್ಚಿಯಿಂದ ಎಬ್ಬಿಸಲು ಸೊಟ್ಟಗೆ ಕಚ್ಚಿ ತೋರಿಸಿದಳೇ? ಅಲ್ಲಿಯವರೆಗೆ ಹೋದ ಮೇಲೆ ನನಗೇ ನಾಚಿಕೆಯಾಗಿ ಆ ಯೋಚನೆ ನಿಲ್ಲಿಸಿದೆ.

ಮಗಳು ತನ್ನ ಮೇಜಿನಿಂದ ಎದ್ದು ಬಂದಿದ್ದಳು.

“ನೀನು ನನ್ನ ಸೆಟ್ ಮುಟ್ತೀಯ” ಅಂದೆ. “ಗಾಜಿಂದ ನೋಡಿದ್ದೀನಿ.”

“ಗೊತ್ತು.”

“ಏನು ಗೊತ್ತು?”

“ನೋಡಿದ್ದು ಗೊತ್ತು. ಬಾಗಿಲ ಗಾಜಿನ ಮೇಲೆ ನಿನ್ನ ಬೆರಳಿನ ಗೆರೆ ಇತ್ತು. ಚುಕ್ಕೆ ಇಟ್ಟಿದ್ದೂ ಗೊತ್ತು. ಮೊದಲ್ನೇ ದಿನಾನೇ ಕಂಡಿತ್ತು. ಅಮ್ಮ ನನ್ನ ಹಿಡಿಯೋಕೆ ಚುಕ್ಕೆ ಇಡ್ತಾಳೆ ಅಂತ ಗೊತ್ತಿದ್ದೂ ದಿನಾ ಸರಿಮಾಡ್ತಿದ್ದೆ.”

“ಸರಿಮಾಡ್ತಿದ್ಯಾ?”

ಅವಳು ಮುದುಕಿಯ ಸೆಟ್ ತೆಗೆದು ಚೌಕಟ್ಟಿಗೆ ಕೂರಿಸಿ ನನ್ನ ಎಡಗೈಗೆ ಕೊಟ್ಟಳು. “ಮುಚ್ಚು.”

ಕಿವಿಯ ಹತ್ತಿರ ಹಿಡಿದು ಮುಚ್ಚಿದೆ. ಟಕ್.

“ಎಷ್ಟು?”

“ಒಂದು.”

“ಮಾಮ, ಎಷ್ಟು?”

ಸುಣ್ಣಣ್ಣ ಬಕೆಟ್ಟಿನ ಹತ್ತಿರ ನಿಂತಿದ್ದ. ಅಷ್ಟು ದೂರ. ಅವನು ನೆಲ ನೋಡುತ್ತಾ ಎರಡು ಬೆರಳು ಎತ್ತಿದ.

ಮಗಳು ತನ್ನ ಬಣ್ಣದ ಕಾಗದ ತಂದು ಹಲ್ಲುಗಳ ನಡುವೆ ಇಟ್ಟಳು. ಬಾಯಿಯನ್ನು ಮುಚ್ಚಿ ತೆರೆದಳು. ಎಡಗಡೆಯ ದವಡೆ ಹಲ್ಲಿನ ಮೇಲೆ ಕಡುನೀಲಿ ಮಚ್ಚೆ. ಬಲಗಡೆ ಕಂಡೂ ಕಾಣದಂಥ ಒಂದು ಗೀರಷ್ಟೇ. ನಾನು ಕಾಗದ ಕಿತ್ತುಕೊಂಡು ನಾನೇ ಇಟ್ಟು ನೋಡಿದೆ. ತಿರುಗಿಸಿ ಇಟ್ಟು ನೋಡಿದೆ. ಕಾಗದದಲ್ಲೇ ಏನೋ ಮೋಸ ಇದೆಯೇನೋ ಎಂದು ಬೆಳಕಿಗೆ ಹಿಡಿದೆ. ಮೋಸವಿರಲಿಲ್ಲ. ಮಗಳು ಕಾಯುತ್ತಾ ನಿಂತಳು, ಅವಸರ ಮಾಡಲಿಲ್ಲ.

“ನಿಮ್ಮ ಎಡಗಿವಿ ಸೆಟ್ಟಾಗಿಬಿಟ್ಟಿದೆ ಅಕ್ಕಾ” ಎಂದ ಸುಣ್ಣಣ್ಣ. ಅವನು ಅಳುಮುಖ ಮಾಡಿಕೊಂಡೇ ತಮಾಷೆ ಮಾಡುವವನು. “ಪ್ಲಾಸ್ಟರ್ ಥರ.”

“ಹಾಗಾದ್ರೆ ನೀವಿಬ್ಬರೂ ಗುಸುಗುಸು ಅಂತಿದ್ದದ್ದು?”

“ಗುಸುಗುಸು ಎಲ್ಲಿ? ನಾನು ಯಾವಾಗ ಮೆತ್ತಗೆ ಮಾತಾಡಿದ್ದೀನಿ? ನನ್ನ ಹೆಂಡ್ತೀನ ಕೇಳಿ ಬೇಕಾದ್ರೆ. ನಿಮಗೆ ಕೇಳಿಸ್ತಿಲ್ಲ ಅಂತ ಗೊತ್ತಾದ ಮೇಲಂತೂ ಜೋರಾಗೇ ಮಾತಾಡ್ತಿದ್ವಿ. ನೀವು ಬಂದ ಕೂಡ್ಲೇ ನಿಲ್ಲಿಸ್ತಿದ್ವಿ ಅಷ್ಟೇ. ಇವತ್ತು ಅಕ್ಕನ ಸೆಟ್ ಉಳಿದಿದೆಯಾ, ಹೋಯ್ತಾ ಅಂತ. ಉಳಿದಿದ್ರೆ ಪುಟ್ಟಿ ಸರಿಮಾಡ್ತಿದ್ಲು. ಬೆಳಿಗ್ಗೇನೇ ಹೋಗಿಬಿಟ್ರೆ ನಮ್ಮ ಕೈಯಲ್ಲಿ ಏನೂ ಇರ್ತಿರ್ಲಿಲ್ಲ.”

ಬೆಳಿಗ್ಗೆಯೇ ಹೋದವು. ಈ ಮುದುಕಿಯದ್ದಕ್ಕೆ ಮೊದಲು ವಾಪಸ್ ಬಂದ ಒಂದೊಂದನ್ನೂ ನೆನೆಸಿಕೊಂಡೆ. ಅವಸರದ ಕೆಲಸವೆಂದು ಊಟಕ್ಕೆ ಮೊದಲೇ ನಾನು ಕಳಿಸಿದವು ಅವು. ಒಂದೂ ಬಿಡದೆ.

ಕುರ್ಚಿಯ ಹಿಡಿ ಹಿಡಿದುಕೊಂಡೆ. “ನನಗೆ ಯಾಕೆ ಹೇಳ್ಲಿಲ್ಲ?”

“ಹೇಳ್ಲಿಲ್ವಾ?” ಮಗಳು ಈಗ ನಿಜವಾಗಿ ಸಿಟ್ಟಾದಳು. “ಕಿವಿ ಡಾಕ್ಟ್ರ ಹತ್ರ ಹೋಗೋಣ ಅಂತ ಎಷ್ಟು ಸಲ ಹೇಳಿದ್ದೀನಿ. ಅಪ್ಪನೂ ಹೇಳಿದ್ರು.”

“ಯಾವಾಗ ಹೇಳಿದ್ರಿ?”

“ಎಡಗಡೆಯಿಂದ ಹೇಳಿರಬೇಕು” ಅಂದಳು. ನಗು ಬರುವ ಮಾತು, ಯಾರಿಗೂ ಬರಲಿಲ್ಲ. “ಕೇಳಿಸಿದಾಗೆಲ್ಲ ನೀನು ನನ್ನ ಕಿವಿ ಗಡಿಯಾರ, ನನ್ನ ಕಿವಿ ತಕ್ಕಡಿ ಅಂತಿದ್ದೆ. ಇಲ್ಲಿ ಬಾಯಿಬಿಟ್ಟು ಹೇಳಿದ್ರೆ ಯಜಮಾನ್ರಿಗೆ ಗೊತ್ತಾಗುತ್ತೆ. ಹಳೇ ಮಾಸ್ಟರ್‌ನ ಕಳಿಸಿದ ಹಾಗೆ ನಿನ್ನೂ ಕಳಿಸ್ತಾರೆ. ಅವತ್ತು ನೀನು ಮನೆಗೆ ಬಂದು ಅತ್ತಿದ್ದು ನನಗೆ ನೆನಪಿದೆ ಅಮ್ಮ. ಅದಕ್ಕೇ ಸುಮ್ನಿದ್ದೆ. ನೀನು ನೋಡಿದ್ರೆ ನಾನು ನಿನ್ನ ಕುರ್ಚಿ ಕದೀತಿದ್ದೀನಿ ಅಂದ್ಕೊಂಡೆ.”

ಇಲ್ಲ ಎನ್ನುವ ಹಾಗಿರಲಿಲ್ಲ. ಅಂದುಕೊಂಡಿದ್ದೆನಲ್ಲ.

ಯಜಮಾನರ ಹೆಜ್ಜೆಯ ಸದ್ದು ನನಗೆ ಕೇಳಿಸಲಿಲ್ಲ. ಸುಣ್ಣಣ್ಣ ಬಾಗಿಲ ಕಡೆ ನೋಡಿದಾಗಲೇ ಅವರು ಬಂದದ್ದು ಗೊತ್ತಾಯಿತು. ನೇರವಾಗಿ ಮೇಜಿನ ಹತ್ತಿರ ಬಂದು ಮುದುಕಿಯ ಸೆಟ್ ಎತ್ತಿಕೊಂಡರು. ಅವರ ಮುಖದಲ್ಲೂ ಇವತ್ತು ಡಾಕ್ಟರ ನಗುವೇ ಇತ್ತು.

“ಮತ್ತೆ ಎಡಗಡೆ. ಇದನ್ನ ಯಾರು ಕೂರಿಸಿದ್ದು?”

“ನಾನು ಸರ್” ಅಂದಳು ಮಗಳು. “ಅಮ್ಮ ಅವತ್ತು...”

ಅವಳ ಕಿವಿ ಕೆಂಪಾಗಿತ್ತು. ಒಂದು ಮಾತು ನಾನು ಆಡದೆ ಇದ್ದಿದ್ದರೆ ಸಾಕಿತ್ತು. ಕುರ್ಚಿ ಉಳಿಯುತ್ತಿತ್ತು. ಹೊಸಬಳ ಒಂದು ತಪ್ಪನ್ನು ಯಜಮಾನರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು, ಕಲಿಯುವಾಗ ಹಾಗೇ ಆಗುತ್ತದೆ ಅನ್ನುತ್ತಿದ್ದರು. ಆಮೇಲೆ ಕಾಗದ ಇಟ್ಟುಕೊಂಡು ಹೇಗೋ ನಡೆಸಬಹುದಿತ್ತು. ಇದೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು.

“ಅವಳಲ್ಲ. ನಾನು” ಅಂದೆ. “ಹಿಂದಿನವೂ ನನ್ನವೇ. ವಾಪಸ್ ಬರದೆ ಪಾಸಾದದ್ದೆಲ್ಲ ಅವಳು ಸರಿಮಾಡಿ ಕಳಿಸಿದ್ದು. ನನಗೆ ಎರಡು ಸದ್ದು ಒಂದಾಗಿ ಕೇಳಿಸ್ತಿದೆ.”

ಯಜಮಾನರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. “ಎಷ್ಟು ಕಾಲದಿಂದ?” ಎಂದು ಸುಣ್ಣಣ್ಣನನ್ನು ಕೇಳಿದರು. ನನ್ನನ್ನು ಕೇಳಲಿಲ್ಲ.

“ನನಗೇನು ಗೊತ್ತು ಯಜಮಾನ್ರೇ. ನಾನು ಪ್ಲಾಸ್ಟರ್ ಕಲಸೋನು” ಎಂದ ಅವನು.

ಚಹಾ ತರಿಸುತ್ತಾರೆ ಎಂದು ಕಾದೆ. ತರಿಸಲಿಲ್ಲ. ಮಗಳು ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದಳು, ಎರಡೂ ಕೈ ಅದರ ಬೆನ್ನಿನ ಮೇಲಿತ್ತು. “ಅಮ್ಮ ಹೋದ್ರೆ ನಾನೂ ಬರಲ್ಲ ಸರ್” ಅಂದಳು. ಹೆದರಿಸಿದ್ದಲ್ಲ ಅದು, ನಾಳೆ ಮಳೆ ಬರಬಹುದು ಅನ್ನುವ ದನಿಯಲ್ಲಿ ಹೇಳಿದಳು. ಯಜಮಾನರು ತಲೆ ಕೆರೆದುಕೊಂಡರು. ಹಲ್ಲು ಕೂರಿಸಲು ಬರುವವರು ಈ ಮಹಡಿಯಲ್ಲಿ ಇದ್ದದ್ದೇ ನಾವಿಬ್ಬರು.

“ಯಾರನ್ನ ಹೋಗಿ ಅಂದೆ ನಾನು? ಕೂರಿಸೋದು ಇವಳು ಕೂರಿಸ್ಲಿ. ಮೇಣದ ಒಸಡು ಕೆತ್ತೋದು ನೀವು ಮಾಡಿ, ಅದಕ್ಕೆ ಕಿವಿ ಬೇಡ. ಇವಳ ಕೆತ್ತನೆ ನೋಡಿದ್ರೆ ಗೋಡೆಗೆ ಸಿಮೆಂಟ್ ಮೆತ್ತಿದ ಹಾಗಿರುತ್ತೆ.” ಹೊರಟವರು ಬಾಗಿಲಲ್ಲಿ ನಿಂತರು. “ಕಿವಿ ತೋರಿಸ್ಕೊಳ್ಳಿ ಅಕ್ಕಾ. ನಾಳೇನೇ.”

ಅದನ್ನು ಅವರು ಕೂಗಿ ಹೇಳಿದರು. ಅಷ್ಟು ಬೇಗ ಎಲ್ಲರಿಗೂ ಕೂಗುವುದು ಅಭ್ಯಾಸವಾಗಿಬಿಡುತ್ತದೆ.

ನಾನು ಕುರ್ಚಿಯಿಂದ ಎದ್ದೆ. ಮಗಳು ಕೂರಲಿಲ್ಲ. ಸಂಜೆಯವರೆಗೂ ನಿಂತುಕೊಂಡೇ ಮುದುಕಿಯ ಸೆಟ್ ಬಿಚ್ಚಿ ಮತ್ತೆ ಕೂರಿಸಿದಳು. ನಾನು ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತು ಒಸಡು ಕೆತ್ತಿದೆ. ನನ್ನ ಹತ್ತಿರ ಅವಳು ಮಾತಾಡಲಿಲ್ಲ. ಮಾತಾಡಲಿಲ್ಲವೋ ನನಗೆ ಕೇಳಿಸಲಿಲ್ಲವೋ ಎಂದು ಆಗಾಗ ತಲೆಯೆತ್ತಿ ಅವಳ ತುಟಿ ನೋಡಿಕೊಳ್ಳುತ್ತಿದ್ದೆ. ತುಟಿ ಬಿಗಿದಿತ್ತು.

ಮನೆಗೆ ಹೊರಟಾಗ ದೊಡ್ಡ ರಸ್ತೆಯಲ್ಲಿ ಬಸ್ಸುಗಳು ಮೈಮೇಲೆ ಬರುವಂತೆ ಹೋಗುತ್ತಿದ್ದವು. ಅವಳು ನನ್ನ ಬಲಗಡೆ ನಡೆಯುತ್ತಿದ್ದವಳು, ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಸುತ್ತಿ ಬಂದು ನನ್ನನ್ನು ಅಂಗಡಿಗಳ ಕಡೆಗೆ ತಳ್ಳಿ, ತಾನು ಎಡಗಡೆಗೆ, ರಸ್ತೆಯ ಬದಿಗೆ ಬಂದಳು. ಯಾಕೆಂದು ಮೊದಲು ತಿಳಿಯಲಿಲ್ಲ. ಆ ಕಡೆಯಿಂದ ಬರುವ ಬಸ್ಸು ನನಗೆ ಕೇಳಿಸುವುದಿಲ್ಲವಲ್ಲ.

ಸ್ವಲ್ಪ ಹೊತ್ತಿಗೆ ಅವಳು ಮಾತಾಡುತ್ತಿದ್ದಾಳೆ ಅನ್ನಿಸಿತು. ತಿರುಗಿ ನೋಡಿದೆ. ಹೌದು. ಹುಬ್ಬು ಗಂಟಾಗಿತ್ತು, ಕೈ ಆಡುತ್ತಿತ್ತು. ಬಯ್ಯುತ್ತಿದ್ದಳು. ಎಷ್ಟು ದಿನದಿಂದ ಕೂಡಿಟ್ಟದ್ದೋ, ಒಂದೇ ಸಮನೆ ಹರಿಯುತ್ತಿತ್ತು. ಬಸ್ಸುಗಳ ಸದ್ದಿನಲ್ಲಿ ಒಂದಕ್ಷರವೂ ನನ್ನ ಹತ್ತಿರ ಬರಲಿಲ್ಲ. ಬಂದರೆ ತಾನೇ ನಾನು ಉತ್ತರ ಕೊಡುವುದು? ಅವಳ ತೋಳು ಹಿಡಿದುಕೊಂಡು ಸುಮ್ಮನೆ ನಡೆದೆ.

ನಮ್ಮ ಓಣಿಗೆ ತಿರುಗಿದ ಮೇಲೆ ಸದ್ದು ಕಡಿಮೆಯಾಯಿತು. ಅಷ್ಟರಲ್ಲಿ ಅವಳ ಮಾತೂ ಮುಗಿದು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳನ್ನು ಅಲ್ಲೇ ನಿಲ್ಲಿಸಿ, ಭುಜ ಹಿಡಿದು ನನ್ನ ಬಲಗಡೆಗೆ ತಂದುಕೊಂಡೆ.

“ಈಗ ಹೇಳು” ಅಂದೆ. “ಮೊದಲಿಂದ.”